ಕಡಲ ತಳಕ್ಕೆ ಕೇಳುವ ಪ್ರಶ್ನೆ, ಇನ್ನಷ್ಟು ಮೆತ್ತಗೆ

(ಮಲ್ಪೆ ಬಂದರಿನ ಹತ್ತಿರದ ಸಭಾಭವನವೊಂದರಲ್ಲಿ ಮೀನುಗಾರರು, ಕಾಲೇಜು ವಿದ್ಯಾರ್ಥಿಗಳು, ಮೇಷ್ಟ್ರುಗಳು ಸೇರಿದ್ದ ಸಂಜೆ ಆಡಿದ ಮಾತಿನ ಬರಹ ರೂಪ. ಮಾತಿನಲ್ಲಿ ಬಿಟ್ಟುಹೋದ ಒಂದೆರಡು ಲೆಕ್ಕಗಳನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಕೆಲವು ವರ್ಷ ಸರ್ವೆ ಹಡಗುಗಳಲ್ಲಿ ಕೆಲಸ ಮಾಡಿದವನು. ಮೊದಲ ರಾತ್ರಿ ಬಂಕಿನಲ್ಲಿ ಮಲಗಿದಾಗ ಆ ಸದ್ದು ಕಿವಿಗಿಂತ ಮೊದಲು ಬೆನ್ನಿಗೆ ಗೊತ್ತಾಯಿತು. ಧಪ್. ಕಬ್ಬಿಣದ ಗೋಡೆಯೊಳಗೆ ಯಾರೋ ಮೆತ್ತನೆಯ ಸುತ್ತಿಗೆಯಿಂದ ಒಂದು ಏಟು ಹಾಕಿದ ಹಾಗೆ. ಎಣಿಸತೊಡಗಿದೆ. ಒಂದು, ಎರಡು, ಹತ್ತು. ಮತ್ತೆ ಧಪ್. ಹತ್ತು ಸೆಕೆಂಡಿಗೊಂದು ಏಟು ಅಂದರೆ ದಿನಕ್ಕೆ 8,640. ಹವೆ ಚೆನ್ನಾಗಿದ್ದರೆ ಹಗಲು ರಾತ್ರಿ, ವಾರಗಟ್ಟಲೆ. ಮೂರನೇ ದಿನಕ್ಕೆ ನನಗೆ ಅದು ಕೇಳಿಸುವುದು ನಿಂತುಹೋಯಿತು. ಬೇಸರವಾದರೆ ಹಡಗಿಳಿದು ಮನೆಗೆ ಬರುವ ದಾರಿ ನನಗಿತ್ತು. ಆ ನೀರಿನಲ್ಲೇ ಹುಟ್ಟಿ ಆ ನೀರಿನಲ್ಲೇ ಬದುಕುವ ಜೀವಕ್ಕೆ ಅಂಥ ದಾರಿ ಇರಲಿಲ್ಲ. ಇವತ್ತಿನ ಮಾತು ಏರ್‌ಗನ್ ಎಂಬ ಯಂತ್ರದ ಆ ಏಟಿನ ಬಗ್ಗೆ, ಅದರ ಬದಲಿಗೆ ಬೇರೇನನ್ನು ಬಳಸಬಹುದು ಅನ್ನುವುದರ ಬಗ್ಗೆ.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ಕಡಲ ತಳದ ಕೆಳಗೆ ಮೂರು, ನಾಲ್ಕು, ಆರು ಕಿಲೋಮೀಟರ್ ಆಳದಲ್ಲಿ ಕಲ್ಲಿನ ಪದರಗಳು ಹೇಗಿವೆ ಎಂದು ನೋಡಬೇಕು. ಬೆಳಕು ನೀರಿನಲ್ಲಿ ಇನ್ನೂರು ಮೀಟರ್ ಇಳಿಯುವಷ್ಟರಲ್ಲಿ ಸೋತುಹೋಗುತ್ತದೆ. ರೇಡಿಯೋ ತರಂಗಕ್ಕೆ ಅಷ್ಟೂ ಶಕ್ತಿ ಇಲ್ಲ. ಉಳಿದಿರುವುದು ಸದ್ದು. ನೀರಿನಲ್ಲಿ ಅದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಕಲ್ಲಿನಲ್ಲಿ ಇನ್ನೂ ಜೋರಾಗಿ. ಪ್ರತಿ ಪದರದಲ್ಲೂ ಒಂದಿಷ್ಟು ಹಿಂದಕ್ಕೆ ಪುಟಿಯುತ್ತದೆ. ಹಡಗಿನ ಹಿಂದೆ ಎಂಟು, ಹತ್ತು ಕಿಲೋಮೀಟರ್ ಉದ್ದದ ಸ್ಟ್ರೀಮರ್ ಎಂಬ ಕೇಬಲ್‌ಗಳು ಎಳೆದುಕೊಂಡು ಬರುತ್ತಿರುತ್ತವೆ, ಅವುಗಳ ತುಂಬಾ ಹೈಡ್ರೋಫೋನ್‌ಗಳು, ಅಂದರೆ ನೀರಿನೊಳಗಿನ ಮೈಕುಗಳು. ಪುಟಿದು ಬಂದ ಸದ್ದನ್ನು ಅವು ಹಿಡಿಯುತ್ತವೆ. ಉಳಿದದ್ದು ಕಂಪ್ಯೂಟರಿನ ಕೆಲಸ.

ಇದು ಎಣ್ಣೆ ಕಂಪನಿಗಳಿಗೆ ಮಾತ್ರ ಬೇಕಾದದ್ದು ಎಂದು ಕೆಲವರು ಅಂದುಕೊಂಡಿದ್ದಾರೆ. ನಾರ್ವೆಯ ಸ್ಲೈಪ್ನರ್ ಎಂಬಲ್ಲಿ 1996ರಿಂದ ವರ್ಷಕ್ಕೆ ಸುಮಾರು ಹತ್ತು ಲಕ್ಷ ಟನ್ ಕಾರ್ಬನ್ ಡೈಆಕ್ಸೈಡನ್ನು ಕಡಲ ತಳದ ಕೆಳಗಿನ ಮರಳುಗಲ್ಲಿಗೆ ತುಂಬಿಸಿದರು. ಅದು ಅಲ್ಲೇ ಉಳಿದಿದೆಯೋ ಸೋರುತ್ತಿದೆಯೋ ಎಂದು ತಿಳಿದದ್ದು ಹೀಗೆ ಸದ್ದು ಬಿಟ್ಟು ಮತ್ತೆ ಮತ್ತೆ ಮಾಡಿದ ಸೈಸ್ಮಿಕ್ ಸರ್ವೆಯಿಂದಲೇ. ಸುನಾಮಿ ಎಬ್ಬಿಸುವ ಬಿರುಕುಗಳನ್ನು ಗುರುತಿಸುವುದಕ್ಕೂ ಇದೇ ದಾರಿ. ನಾಳೆ ಎಣ್ಣೆಯನ್ನೇ ಪೂರ್ತಿ ಬಿಟ್ಟರೂ ಕಡಲಿಗೆ ಪ್ರಶ್ನೆ ಕೇಳುವುದನ್ನು ಬಿಡುವಂತಿಲ್ಲ. ಹಾಗಾಗಿ ಕೇಳುವ ರೀತಿಯ ಬಗ್ಗೆ ಯೋಚಿಸಲೇಬೇಕು.

ಶುರುವಿನಲ್ಲಿ ಡೈನಮೈಟ್ ಹಾಕುತ್ತಿದ್ದರು. ಸತ್ತ ಮೀನು ಬೆಳ್ಳಗೆ ತೇಲುತ್ತಿತ್ತು, ಕೆಲಸ ಮಾಡುವವರ ಜೀವಕ್ಕೂ ಅಪಾಯ. 1960ರ ದಶಕದಲ್ಲಿ ಅಮೆರಿಕದ ಸ್ಟೀಫನ್ ಚೆಲ್ಮಿನ್ಸ್ಕಿ ಎಂಬ ಎಂಜಿನಿಯರ್ ಏರ್‌ಗನ್ ತಂದರು. ಅದಕ್ಕೆ ಪೈಪೋಟಿಯಾಗಿ ಎಷ್ಟೊಂದು ಬಂದವು! ರಬ್ಬರ್ ಚೀಲದೊಳಗೆ ಪ್ರೊಪೇನ್ ಸಿಡಿಸುವುದು, ನೀರಿನೊಳಗೆ ಹಬೆ ಬಿಡುವುದು, ನೀರನ್ನೇ ಗುಂಡಿನಂತೆ ಹೊಡೆಯುವುದು, ವಿದ್ಯುತ್ ಕಿಡಿ ಹಾರಿಸುವುದು. ಕೊನೆಗೆ ಆಳದ ಕೆಲಸಕ್ಕೆ ಉಳಿದದ್ದು ಏರ್‌ಗನ್. ಅಗ್ಗ, ಗಟ್ಟಿ, ಪ್ರತಿ ಸಲವೂ ಒಂದೇ ಥರದ ಸದ್ದು. ಡೈನಮೈಟಿನ ಎದುರು ಅದು ದೊಡ್ಡ ಉಪಕಾರವೇ. ಆ ಕಾಲದವರನ್ನು ನಾನು ದೂರುವುದಿಲ್ಲ.

ಗನ್ ಅಂದರೆ ಕೋವಿ ಅಲ್ಲ. ಕೈಯಲ್ಲಿ ಹಿಡಿಯಲಾಗದಷ್ಟು ಭಾರದ ಉಕ್ಕಿನ ಕೊಳವೆ. ಒಳಗೊಂದು ಶಟಲ್, ಎರಡು ತಲೆಯ ಪಿಸ್ಟನ್ ಇದ್ದ ಹಾಗೆ. ಕಂಪ್ರೆಸರಿನಿಂದ 2,000 ಪಿಎಸ್‌ಐ ಒತ್ತಡದ ಗಾಳಿ ಬಂದು ತುಂಬುತ್ತದೆ. ನಿಮ್ಮ ಕಾರಿನ ಟಯರಿನಲ್ಲಿ ಇರುವುದು 32, ಅದರ ಅರವತ್ತು ಪಾಲಿಗೂ ಹೆಚ್ಚು. ವಿದ್ಯುತ್ ಸಂಕೇತ ಕೊಟ್ಟ ಕೂಡಲೇ ಶಟಲ್ ಸರಕ್ಕನೆ ಜಾರುತ್ತದೆ, ಪಕ್ಕದ ಕಿಂಡಿಗಳು ತೆರೆದು ಗಾಳಿ ಒಮ್ಮೆಗೇ ನೀರಿಗೆ ನುಗ್ಗುತ್ತದೆ. ನಾವು ರಿಪೇರಿಗೆಂದು ಗನ್ನನ್ನು ಡೆಕ್ಕಿಗೆ ಎತ್ತಿಕೊಂಡಾಗ ಆ ಕಿಂಡಿಗಳ ಅಂಚು ಮುಟ್ಟಿ ನೋಡುತ್ತಿದ್ದೆವು. ಗಾಳಿಯೇ ಉಜ್ಜಿ ಉಜ್ಜಿ ಉಕ್ಕು ಹೊಳಪಾಗಿರುತ್ತಿತ್ತು. ಓ-ರಿಂಗ್ ಎಂಬ ರಬ್ಬರ್ ಬಳೆ ಸವೆದಿದ್ದರೆ ಬದಲಿಸಿ, ಗ್ರೀಸ್ ಹಚ್ಚಿ, ಮತ್ತೆ ನೀರಿಗೆ. ಕಿವಿಗೆ ಮಫ್ ಹಾಕದೆ ಆ ಡೆಕ್ಕಿಗೆ ಕಾಲಿಡುವಂತಿರಲಿಲ್ಲ. ನಮ್ಮ ಕಿವಿಗಾದರೆ ಅಷ್ಟು ಕಟ್ಟುನಿಟ್ಟು.

ಇಂಥ ಇಪ್ಪತ್ತು, ಮೂವತ್ತು ಗನ್‌ಗಳನ್ನು ಸಾಲಾಗಿ ನೀರಿನ ಐದರಿಂದ ಹತ್ತು ಮೀಟರ್ ಆಳದಲ್ಲಿ ಎಳೆಯುತ್ತಾರೆ. ಎಲ್ಲ ಸೇರಿ 4,000 ಘನ ಅಂಗುಲ ಅಂತಿಟ್ಟುಕೊಳ್ಳಿ. ಅದು ಬರೀ 65 ಲೀಟರ್. ಅಂಗಡಿಯಲ್ಲಿ ಸಿಗುವ ನೀರಿನ ಕ್ಯಾನ್ ಮೂರಕ್ಕಿಂತ ಸ್ವಲ್ಪ ಹೆಚ್ಚು. ಅಷ್ಟು ಗಾಳಿಯ ಸದ್ದನ್ನು ಅಟ್ಲಾಂಟಿಕ್ ಸಾಗರದ ನಡುವೆ ಇಟ್ಟ ಹೈಡ್ರೋಫೋನ್‌ಗಳು ಮೂರು ಸಾವಿರ ಕಿಲೋಮೀಟರ್ ಆಚೆಯಿಂದ ಹಿಡಿದಿವೆ.

ಪತ್ರಿಕೆಗಳಲ್ಲಿ 250, 260 ಡೆಸಿಬೆಲ್ ಎಂಬ ಅಂಕಿ ಓದಿ ಕೆಲವರು ಹೆದರಿ ನನ್ನನ್ನು ಕೇಳಿದ್ದುಂಟು. ಜೆಟ್ ವಿಮಾನಕ್ಕಿಂತ ಲಕ್ಷ ಪಾಲು ಜೋರೇ ಎಂದು. ನೀರಿನ ಡೆಸಿಬೆಲ್ಲನ್ನು ಗಾಳಿಯ ಡೆಸಿಬೆಲ್ ಜೊತೆ ನೇರವಾಗಿ ಹೋಲಿಸಬಾರದು, ಸುಮಾರು 62 ಕಳೆಯಬೇಕು. ಅದೂ ಅಲ್ಲದೆ ಆ ಅಂಕಿ ಇಡೀ ಸಾಲನ್ನು ಒಂದೇ ಚುಕ್ಕೆ ಎಂದು ಭಾವಿಸಿ, ನೇರ ಕೆಳಮುಖವಾಗಿ ಲೆಕ್ಕ ಹಾಕಿದ್ದು. ಗನ್‌ಗಳು ಹರಡಿಕೊಂಡಿರುವುದರಿಂದ ನಿಜವಾದ ನೀರಿನಲ್ಲಿ ಎಲ್ಲೂ ಅಷ್ಟು ಒತ್ತಡ ಇರುವುದಿಲ್ಲ. ಹೆದರಿಸುವುದಕ್ಕೆ ತಪ್ಪು ಲೆಕ್ಕ ಬೇಕಾಗಿಲ್ಲ. ಸರಿಯಾದ ಲೆಕ್ಕವೇ ಸಾಕಷ್ಟು ಗಂಭೀರವಾಗಿದೆ.

ಏನು ಆ ಗಂಭೀರ ಲೆಕ್ಕ? ನಾರ್ವೆಯವರು ಬ್ಯಾರೆಂಟ್ಸ್ ಸಮುದ್ರದಲ್ಲಿ ಮಾಡಿದ ಪ್ರಯೋಗ 1996ರಲ್ಲಿ ಪ್ರಕಟವಾಯಿತು. ಸರ್ವೆಗೆ ಮುಂಚೆ, ನಡೆಯುವಾಗ, ಮುಗಿದ ಮೇಲೆ ಟ್ರಾಲ್ ಬಲೆ, ಗಾಳ ಎರಡನ್ನೂ ಹಾಕಿ ನೋಡಿದರು. ಕಾಡ್, ಹ್ಯಾಡಕ್ ಮೀನುಗಳ ಟ್ರಾಲ್ ಹಿಡಿತ ಒಟ್ಟಾರೆ ಅರ್ಧಕ್ಕೆ ಇಳಿಯಿತು. ಗನ್ ಹೊಡೆದ ಜಾಗದಲ್ಲೇ ನೋಡಿದರೆ ಸುಮಾರು ಶೇ 70ರಷ್ಟು ಕಡಿಮೆ. ಪರಿಣಾಮ ಕಂಡದ್ದು 18 ನಾಟಿಕಲ್ ಮೈಲಿ ದೂರದವರೆಗೆ. ಮೀನು ಸತ್ತದ್ದಲ್ಲ, ಜಾಗ ಬಿಟ್ಟು ಹೋದದ್ದು.

2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಟಾಸ್ಮೇನಿಯಾದ ಸ್ಟಾರ್ಮ್ ಬೇಯಲ್ಲಿ ಒಂದೇ ಒಂದು ಗನ್, 150 ಘನ ಅಂಗುಲದ್ದು, ಹೊಡೆದು ನೋಡಿದರು. ಹೆಚ್ಚುಕಡಿಮೆ 1.2 ಕಿಲೋಮೀಟರ್ ದೂರದವರೆಗೆ ಪ್ಲಾಂಕ್ಟನ್, ಅಂದರೆ ನೀರಿನಲ್ಲಿ ತೇಲುವ ಸಣ್ಣ ಜೀವಿಗಳು, ಸತ್ತ ಪ್ರಮಾಣ ಎರಡು, ಮೂರು ಪಟ್ಟು ಏರಿತ್ತು. ಎರಡು ವರ್ಷದ ನಂತರ ಪ್ರಕಟವಾದ ನಾರ್ವೆಯ ಇನ್ನೊಂದು ಪ್ರಯೋಗ, ಬೇರೊಂದು ಜಾತಿಯ ಪ್ಲಾಂಕ್ಟನ್ ಮೇಲೆ ನಡೆದದ್ದು, ಗನ್ನಿನಿಂದ ಹತ್ತು ಮೀಟರ್ ಒಳಗೆ ಮಾತ್ರ ಸಾವು ಹೆಚ್ಚಿತು ಎಂದಿತು. ಎರಡನ್ನೂ ನಿಮ್ಮ ಮುಂದಿಡುತ್ತಿದ್ದೇನೆ. ಒಂದನ್ನೇ ಹೇಳಿ ಹೋದರೆ ನೀವು ನನ್ನನ್ನು ನಂಬಬಾರದು. ಆದರೆ ಬೂತಾಯಿಯ ಹೊಟ್ಟೆಪಾಡೇ ಪ್ಲಾಂಕ್ಟನ್ ಎಂದು ಗೊತ್ತಿರುವ ಊರಿನಲ್ಲಿ ನಿಂತು, ಈ ಜಗಳ ತೀರುವ ತನಕ ಸುಮ್ಮನಿರೋಣ ಎಂದು ನಾನು ಹೇಳಲಾರೆ. ಇನ್ನೊಂದು ಮಾತು: ಬೂತಾಯಿಯ ಬಳಗಕ್ಕೆ ಮೈಯೊಳಗಿನ ಗಾಳಿಚೀಲ ಕಿವಿಯ ತನಕ ಚಾಚಿಕೊಂಡಿದೆ. ಚುರುಕು ಕಿವಿಯ ಮೀನುಗಳಲ್ಲಿ ಅವೂ ಸೇರಿವೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಅಷ್ಟು ದೊಡ್ಡ ಏಟಿನಲ್ಲಿ ನಮಗೆ ಬೇಕಾದದ್ದು ಎಷ್ಟು?

ಆಳದಿಂದ ಉತ್ತರ ತರುವ ಸದ್ದು ಸರಿಸುಮಾರು 100 ಹರ್ಟ್ಸ್, ಅಂದರೆ ಸೆಕೆಂಡಿಗೆ ನೂರು ಕಂಪನದ ಒಳಗಿನದು. ಬಹಳ ಆಳವಾದರೆ ಇನ್ನೂ ಕೆಳಗಿನ ಸ್ವರಗಳು ಮಾತ್ರ. ಏರ್‌ಗನ್ ಸಿಡಿದಾಗ ಸಾವಿರಾರು ಹರ್ಟ್ಸ್‌ವರೆಗಿನ ಸದ್ದೂ ಹೊರಡುತ್ತದೆ. ಅದರಿಂದ ನಮಗೆ ಮೂರು ಕಾಸಿನ ಪ್ರಯೋಜನವಿಲ್ಲ, ಹೈಡ್ರೋಫೋನ್ ಹಿಡಿದರೂ ಸೋಸಿ ಎಸೆಯುತ್ತೇವೆ. ಆದರೆ ಡಾಲ್ಫಿನ್ನಿನ ಕಿವಿ ಇರುವುದು ಆ ಎತ್ತರದ ಸ್ವರಗಳಲ್ಲೇ. ನಾವು ಕಸದ ಬುಟ್ಟಿಗೆ ಹಾಕುವುದನ್ನು ಅದರ ಕಿವಿಗೆ ಹಾಕುತ್ತಿದ್ದೇವೆ. ಇದು ಪ್ರಕೃತಿಯ ನಿಯಮವೇನಲ್ಲ, ಒಂದು ಉಪಕರಣದ ದೋಷ. ಉಪಕರಣದ ದೋಷವನ್ನು ಎಂಜಿನಿಯರು ತಿದ್ದಬೇಕು, ತಿದ್ದಬಲ್ಲ.

ಎರಡನೆಯದು ಏಟಿನ ತುದಿ. ನಮ್ಮಲ್ಲಿ ಯಕ್ಷಗಾನ ನೋಡದವರು ಯಾರಿದ್ದಾರೆ? ಚೆಂಡೆಯ ಒಂದು ಪೆಟ್ಟು, ಶ್ರುತಿಪೆಟ್ಟಿಗೆಯ ಒಂದು ಎಳೆ, ಎರಡನ್ನೂ ಮನಸ್ಸಿಗೆ ತಂದುಕೊಳ್ಳಿ. ಚೆಂಡೆ ತನ್ನ ಶಕ್ತಿಯನ್ನೆಲ್ಲ ಕಣ್ಣು ಮಿಟುಕಿಸುವುದರೊಳಗೆ ಸುರಿದುಬಿಡುತ್ತದೆ. ಶ್ರುತಿಪೆಟ್ಟಿಗೆ ಅಷ್ಟೇ ಶಕ್ತಿಯನ್ನು ಸಾವಕಾಶವಾಗಿ ಬಿಡುತ್ತದೆ, ಪಕ್ಕದಲ್ಲಿ ಮಲಗಿದ ಮಗುವಿಗೆ ಎಚ್ಚರವೂ ಆಗುವುದಿಲ್ಲ. ಏರ್‌ಗನ್ನಿನ ಮುಖ್ಯ ಪೆಟ್ಟು ಸುಮಾರು ಹತ್ತು ಮಿಲಿಸೆಕೆಂಡಿನದು. ಅದೇ ಶಕ್ತಿಯನ್ನು ಹತ್ತು ಸೆಕೆಂಡಿಗೆ ಹರಡಿ. ಸಮಯ ಸಾವಿರ ಪಟ್ಟು. ಹಾಗಾದರೆ ಯಾವ ಕ್ಷಣದಲ್ಲಿ ನೋಡಿದರೂ ಸಾಮರ್ಥ್ಯ ಸಾವಿರದಲ್ಲೊಂದು ಪಾಲು, ಒತ್ತಡ ಸುಮಾರು ಮೂವತ್ತೆರಡರಲ್ಲೊಂದು ಪಾಲು. ಡೆಸಿಬೆಲ್ಲಿನಲ್ಲಿ ಮೂವತ್ತು ಕಡಿಮೆ.

ಇದನ್ನು ಮಾಡುವ ಯಂತ್ರವೇ ಮರೈನ್ ವೈಬ್ರೇಟರ್. ನೀರಿನೊಳಗೆ ಒಂದು ದೊಡ್ಡ ಸ್ಪೀಕರ್ ಇದ್ದಂತೆ. ಕೆಳಗಿನ ಸ್ವರದಿಂದ ಮೇಲಕ್ಕೆ ನಿಧಾನವಾಗಿ ಜಾರಿಸುತ್ತದೆ, ಭಾಗವತರು ಆಲಾಪದಲ್ಲಿ ಮಂದ್ರದಿಂದ ತಾರಕ್ಕೆ ಒಂದೇ ಉಸಿರಿನಲ್ಲಿ ಏರಿದ ಹಾಗೆ. ಇದಕ್ಕೆ ಸ್ವೀಪ್ ಅನ್ನುತ್ತಾರೆ. ಎಲ್ಲಿಂದ ಎಲ್ಲಿಗೆ ಎಂದು ನಾವೇ ಗೆರೆ ಎಳೆಯಬಹುದು. ಐದು ಹರ್ಟ್ಸ್‌ನಿಂದ ನೂರಕ್ಕೆ, ಅಲ್ಲಿಗೆ ನಿಲ್ಲಿಸು ಅಂದರೆ ನಿಲ್ಲುತ್ತದೆ.

ಆಗ ಒಂದು ಪ್ರಶ್ನೆ ಏಳಬೇಕು. ಅಷ್ಟು ಮೆತ್ತಗಿನ, ಉದ್ದನೆಯ ಸದ್ದು ನಾಲ್ಕು ಕಿಲೋಮೀಟರ್ ಕಲ್ಲಿನೊಳಗೆ ಹೋಗಿ ಬಂದರೆ ಅಲೆ, ಗಾಳಿ, ಹಡಗಿನ ಎಂಜಿನ್ ಗದ್ದಲದಲ್ಲಿ ಸಿಗುತ್ತದೆಯೇ? ಸಿಗುತ್ತದೆ. ಜಾತ್ರೆಯ ಗಲಾಟೆಯಲ್ಲಿ ನಿಮ್ಮ ಮಗುವಿನ ದನಿ ನಿಮ್ಮ ಕಿವಿಗೆ ಮಾತ್ರ ಹೇಗೆ ಬೀಳುತ್ತದೋ ಹಾಗೆ. ಜೋರಾಗಿದೆ ಎಂದಲ್ಲ, ಆ ದನಿ ನಿಮಗೆ ಗೊತ್ತಿದೆ ಎಂದು. ನಾವು ಬಿಟ್ಟ ಹಾಡು ಯಾವುದೆಂದು ನಮ್ಮ ಹತ್ತಿರ ಪೂರ್ತಿ ದಾಖಲೆ ಇದೆ. ಕಂಪ್ಯೂಟರ್ ಆ ಹಾಡನ್ನು ಹಿಡಿದುಕೊಂಡು ಬಂದ ಗದ್ದಲದ ಮೇಲೆ ಸರಿಸುತ್ತಾ ಹೋಗುತ್ತದೆ. ಎಲ್ಲಿ ಸರಿಯಾಗಿ ಕೂಡುತ್ತದೋ ಅಲ್ಲೊಂದು ಚೂಪಾದ ಗುರುತು ಬೀಳುತ್ತದೆ. ಹತ್ತು ಸೆಕೆಂಡಿನ ಹಾಡು ಕಾಗದದ ಮೇಲೆ ಒಂದು ಸಣ್ಣ ಪೆಟ್ಟಾಗಿ ಮುದುಡಿಕೊಳ್ಳುತ್ತದೆ. ಪೆಟ್ಟು ಕಂಪ್ಯೂಟರಿನಲ್ಲಿ ಬೀಳಲಿ, ನೀರಿನಲ್ಲಿ ಬೇಡ. ನೆಲದ ಮೇಲೆ ಈ ಉಪಾಯ 1950ರ ದಶಕದಿಂದಲೇ ಇದೆ. ಅಮೆರಿಕದ ಕೊನೊಕೊ ಕಂಪನಿಯವರು ಲಾರಿಗೆ ಕಂಪಿಸುವ ತಟ್ಟೆ ಕಟ್ಟಿ ಶುರುಮಾಡಿದರು. ಇವತ್ತು ಮರುಭೂಮಿಗಳಲ್ಲಿ ಡೈನಮೈಟ್ ಹೆಚ್ಚುಕಡಿಮೆ ಮಾಯವಾಗಿರುವುದು ಆ ಲಾರಿಗಳಿಂದ.

ಹಾಗಿದ್ದರೆ ಕಡಲಿನಲ್ಲಿ ಯಾಕೆ ಬರಲಿಲ್ಲ? 1980ರ ದಶಕದಲ್ಲೇ ಹೈಡ್ರಾಲಿಕ್ ವೈಬ್ರೇಟರುಗಳನ್ನು ನೀರಿಗಿಳಿಸಿ ನೋಡಿದ್ದರು. ಸೋತರು. ಯಾಕೆ ಸೋತರು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಡೀ ಕಷ್ಟ ಅಲ್ಲೇ ಇದೆ.

ನೀರಿನಲ್ಲಿ ಸದ್ದು ಹುಟ್ಟಬೇಕಾದರೆ ನೀರನ್ನು ಪಕ್ಕಕ್ಕೆ ತಳ್ಳಬೇಕು. ಎಷ್ಟು ತಳ್ಳಿದೆ ಎಂಬುದಕ್ಕಿಂತ ಎಷ್ಟು ಬೇಗ ಬೇಗ ತಳ್ಳಿ ಎಳೆದೆ ಎಂಬುದು ಲೆಕ್ಕಕ್ಕೆ ಬರುತ್ತದೆ. ಸ್ವರ ಅರ್ಧಕ್ಕೆ ಇಳಿದರೆ ಅದೇ ಜೋರಿಗೆ ನಾಲ್ಕು ಪಟ್ಟು ನೀರು ತಳ್ಳಬೇಕು. ಇಪ್ಪತ್ತು ಹರ್ಟ್ಸ್‌ನಿಂದ ಎರಡು ಹರ್ಟ್ಸ್‌ಗೆ ಬಂದರೆ ನೂರು ಪಟ್ಟು. ಮನೆಯ ಸ್ಪೀಕರಿನಲ್ಲಿ ಟ್ವೀಟರ್ ಬೆರಳ ತುದಿಯಷ್ಟು, ವೂಫರ್ ತಟ್ಟೆಯಷ್ಟು ಇರುವುದಕ್ಕೂ ಕಾರಣ ಇದೇ. ನಮಗೆ ಬೇಕಾಗಿರುವುದು ಕೆಳಗಿನ ಸ್ವರ. ಹಾಗಾದರೆ ಯಂತ್ರ ಆನೆಯಷ್ಟಾಗಬೇಕು, ಇಲ್ಲವೇ ಬಹಳ ಜಾಣನಾಗಬೇಕು.

ಜಾಣತನದ ದಾರಿ ಅನುರಣನ, ಅಂದರೆ ವಸ್ತುವಿನ ಸ್ವಂತ ಸ್ವರಕ್ಕೆ ಹೊಂದಿಸಿ ತಳ್ಳಿದಾಗ ಕಂಪನ ತಾನೇ ದೊಡ್ಡದಾಗುವುದು. ಪಿಜಿಎಸ್ ಎಂಬ ನಾರ್ವೆಯ ಕಂಪನಿ ಬಾಗಿದ ಚಿಪ್ಪಿನಂಥ ಯಂತ್ರ ಮಾಡಿತು. ಚಿಪ್ಪಿನ ತುದಿಗಳನ್ನು ಸ್ವಲ್ಪ ಒತ್ತಿದರೆ ಹೊಟ್ಟೆ ಬಹಳ ಉಬ್ಬುತ್ತದೆ. ಎರಡು ಅನುರಣನಗಳನ್ನು ಬೇಕಾದ ಸ್ವರವ್ಯಾಪ್ತಿಯೊಳಗೇ ಕೂಡಿಸಿದರು, ಆಗ ಸಣ್ಣ ಬಲಕ್ಕೆ ದೊಡ್ಡ ಸದ್ದು. ಒಳಗಿನ ಗಾಳಿಯ ಒತ್ತಡ ಹೊರಗಿನ ನೀರಿಗೆ ಸಮ ಇರಬೇಕು, ಇಲ್ಲದಿದ್ದರೆ ಚಿಪ್ಪು ಅಪ್ಪಚ್ಚಿ. ಹತ್ತು ಮೀಟರ್ ಇಳಿದರೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ ಎಂದು ಮುಳುಗು ಹಾಕುವವರಿಗೆ ಗೊತ್ತು. ಅಲೆಯಲ್ಲಿ ಯಂತ್ರ ಮೇಲೆ ಕೆಳಗೆ ಆಡಿದಂತೆಲ್ಲ ಈ ಸಮತೋಲ ತಿದ್ದುತ್ತಾ ಇರಬೇಕು.

ಅದಕ್ಕಿಂತ ದೊಡ್ಡ ತಲೆನೋವು ಸವೆತ. ಸರಾಸರಿ ಮೂವತ್ತು ಹರ್ಟ್ಸ್ ಎಂದರೆ ಹತ್ತು ಸೆಕೆಂಡಿನ ಒಂದು ಸ್ವೀಪಿನಲ್ಲಿ ಆ ಚಿಪ್ಪು, ಆ ಸ್ಪ್ರಿಂಗು ಮುನ್ನೂರು ಸಲ ಬಾಗುತ್ತದೆ. ದಿನಕ್ಕೆ ಸುಮಾರು 26 ಲಕ್ಷ ಸಲ. ತಿಂಗಳಿಗೆ ಏಳು ಕೋಟಿಗೂ ಹೆಚ್ಚು. ಒಂದು ಕೂದಲೆಳೆಯ ಬಿರುಕು ಇದ್ದರೂ ವಾರದೊಳಗೆ ಅದು ದೊಡ್ಡದಾಗುತ್ತದೆ. ಏರ್‌ಗನ್ ಕೆಟ್ಟರೆ ಡೆಕ್ಕಿಗೆ ಎತ್ತಿ ಅರ್ಧ ಗಂಟೆಯಲ್ಲಿ ಓ-ರಿಂಗ್ ಬದಲಿಸುತ್ತಿದ್ದೆವು. ವೈಬ್ರೇಟರ್ ಕೆಟ್ಟರೆ ಕಾರ್ಖಾನೆಗೆ ಕಳಿಸಬೇಕು, ಅಷ್ಟು ಹೊತ್ತು ಹಡಗಿನ ಬಾಡಿಗೆ ಸುಮ್ಮನೆ ಓಡುತ್ತಿರುತ್ತದೆ. ಹಡಗಿನ ಮೇಲಿನವರು ಹೊಸದನ್ನು ಅನುಮಾನದಿಂದ ನೋಡುವುದಕ್ಕೆ ಮೊಂಡುತನ ಕಾರಣವಲ್ಲ, ಈ ಲೆಕ್ಕ ಕಾರಣ.

ಕಳೆದ ದಶಕದಲ್ಲಿ ಎಕ್ಸಾನ್‌ಮೊಬಿಲ್, ಶೆಲ್, ಟೋಟಲ್ ಎಂಬ ಮೂರು ಎಣ್ಣೆ ಕಂಪನಿಗಳು ಒಟ್ಟಾಗಿ ಹಣ ಹಾಕಿ, ಬೇರೆ ಬೇರೆ ತಯಾರಕರಿಂದ ಬೇರೆ ಬೇರೆ ವಿನ್ಯಾಸದ ವೈಬ್ರೇಟರುಗಳನ್ನು ಮಾಡಿಸಿದವು. ಒಬ್ಬರದು ಚಿಪ್ಪು, ಇನ್ನೊಬ್ಬರದು ಅನಿಲ ತುಂಬಿದ ಗುಳ್ಳೆಯನ್ನೇ ವಾದ್ಯದಂತೆ ಶ್ರುತಿ ಮಾಡಿ ನುಡಿಸುವುದು. 2014ರ ಹೊತ್ತಿಗೆ ಎಣ್ಣೆ ಬೆಲೆ ಕುಸಿದಾಗ ಇಡೀ ಉದ್ಯಮದ ಸಂಶೋಧನೆಯ ಕೈ ಕಟ್ಟಿತು. ಒಳ್ಳೆಯ ಯಂತ್ರವೊಂದು ಕಾಯಬೇಕಾಗಿ ಬಂದದ್ದು ವಿಜ್ಞಾನದ ಕೊರತೆಯಿಂದಲ್ಲ ಎಂಬುದು ನನಗೆ ಈಗಲೂ ನೋವಿನ ಸಂಗತಿ.

ಇನ್ನೊಂದು ದಾರಿ ಇದೆ, ಏರ್‌ಗನ್ನನ್ನೇ ಪಳಗಿಸುವುದು. ಗಾಳಿ ಹೊರಬರುವ ಕಿಂಡಿ ನಿಧಾನವಾಗಿ ತೆರೆಯುವಂತೆ ಮಾಡಿದರೆ ಪೆಟ್ಟಿನ ಚೂಪು ಹೋಗುತ್ತದೆ, ಮೇಲಿನ ಸ್ವರಗಳು ಕುಗ್ಗುತ್ತವೆ. ಹಳೆಯ ಹಡಗು, ಹಳೆಯ ಕಂಪ್ರೆಸರ್ ಎಲ್ಲವೂ ನಡೆಯುತ್ತದೆ. ಈ ಬಗೆಯ ಗನ್‌ಗಳು ಮಾರುಕಟ್ಟೆಯಲ್ಲಿವೆ. ಕೊಂಡು ಹಾಕದಿರುವುದಕ್ಕೆ ಇವತ್ತು ಯಾರಿಗೂ ಒಳ್ಳೆಯ ನೆಪ ಇಲ್ಲ.

ಗನ್ ಕಂಡುಹಿಡಿದ ಚೆಲ್ಮಿನ್ಸ್ಕಿಯವರೇ ಅರ್ಧ ಶತಮಾನದ ನಂತರ ಮತ್ತೆ ಈ ಕೆಲಸಕ್ಕೆ ಕೈಹಾಕಿದರು. ಟ್ಯೂನ್ಡ್ ಪಲ್ಸ್ ಸೋರ್ಸ್ ಎಂದು ಅದರ ಹೆಸರು. ಮಾಮೂಲಿ ಗನ್ನಿನಲ್ಲಿ ಪುಟ್ಟ ಕೋಣೆ, ಭಾರೀ ಒತ್ತಡ. ಇವರು ತಿರುಗಿಸಿ ಹಾಕಿದರು: ಒತ್ತಡ ಅರ್ಧ, 1,000 ಪಿಎಸ್‌ಐ ಅಥವಾ ಅದಕ್ಕೂ ಕಡಿಮೆ. ಕೋಣೆಯ ಗಾತ್ರ ಮಾತ್ರ ಸುಮಾರು 26,500 ಘನ ಅಂಗುಲ, 430 ಲೀಟರಿಗೂ ಮೇಲೆ. ಎರಡು ದೊಡ್ಡ ಡೀಸೆಲ್ ಡ್ರಮ್ಮಿನಷ್ಟು. ಒತ್ತಡ ಇಳಿದದ್ದರಿಂದ ಪೆಟ್ಟು ಮೆತ್ತಗಾಯಿತು, ಗುಳ್ಳೆ ದೊಡ್ಡದಾದ್ದರಿಂದ ಸ್ವರ ಕೆಳಗಿಳಿಯಿತು. ಚೊಂಬನ್ನೂ ಹಂಡೆಯನ್ನೂ ತಟ್ಟಿ ನೋಡಿದವರಿಗೆ ಇದು ಹೊಸದಲ್ಲ. ಒತ್ತಡವನ್ನೂ ಗಾತ್ರವನ್ನೂ ಗುಣಿಸಿ ಬಂದದ್ದು ಎಂಟು ಪಟ್ಟಾದರೆ ಗುಳ್ಳೆಯ ಸ್ವರ ಒಂದು ಸ್ಥಾಯಿ ಕೆಳಗೆ ಬರುತ್ತದೆ. ತಾನು ಮಾಡಿದ ಯಂತ್ರ ಜಗತ್ತನ್ನೆಲ್ಲ ಆವರಿಸಿದ ಮೇಲೂ ಅದನ್ನು ತಿದ್ದಲು ಕೂತ ಮನುಷ್ಯ ಎಂದು ನನಗೆ ಅವರ ಮೇಲೆ ಬಹಳ ಗೌರವ.

ಮೂರನೆಯ ದಾರಿಯಲ್ಲಿ ಗನ್ ಅದೇ, ಹೊಡೆಯುವ ಕ್ರಮ ಬೇರೆ. ಮೂವತ್ತು ಗನ್ ಒಟ್ಟಿಗೆ ಹೊಡೆಯುವ ಬದಲು ಒಂದೊಂದಾಗಿ, ಲೆಕ್ಕ ಹಾಕಿದ ಅಡ್ಡಾದಿಡ್ಡಿ ಹೊತ್ತಿನಲ್ಲಿ, ಜೋಳ ಅರಳಿದ ಹಾಗೆ ಪಟಪಟ ಅನ್ನಿಸುವುದು. ಕಂಪ್ಯೂಟರಿಗೆ ಆ ಕ್ರಮ ಗೊತ್ತಿರುವುದರಿಂದ ಬಿಡಿಸಿಕೊಳ್ಳುತ್ತದೆ. ತುದಿಯ ಒತ್ತಡ, ಅಂದರೆ ಏಟಿನ ಅತಿ ಹೆಚ್ಚಿನ ಒತ್ತಡ, ಬಹಳ ಇಳಿಯುತ್ತದೆ.

ಇದೆಲ್ಲ ನಮ್ಮ ಕರಾವಳಿಗೆ ಯಾಕೆ ಬೇಕು ಎಂದು ಕೇಳಬಹುದು. ಎದುರಿಗೇ ಸೇಂಟ್ ಮೇರಿ ದ್ವೀಪ ಇದೆ. ಆ ಕಂಬದಂಥ ಕಲ್ಲುಗಳು ಸುಮಾರು ಎಂಟೂವರೆ ಕೋಟಿ ವರ್ಷಗಳಿಗೂ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರ್ಪಡುತ್ತಿದ್ದಾಗ ಹರಿದ ಲಾವಾ. ಅದಾದ ಮೇಲೆ, ಆರೂವರೆ ಕೋಟಿ ವರ್ಷಗಳ ಆಸುಪಾಸಿನಲ್ಲಿ ದಖ್ಖನಿನ ದೊಡ್ಡ ಲಾವಾ ಬಂತು. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಿನ ಕರಿಕಲ್ಲು ಅದೇ. ಅದು ನೆಲದ ಮೇಲೆ ಮಾತ್ರ ನಿಲ್ಲಲಿಲ್ಲ. ಪಶ್ಚಿಮದಲ್ಲಿ ಕಡಲ ಕೆಳಗೂ ಹಬ್ಬಿದೆ. ಕೇರಳ-ಕೊಂಕಣ ಜಲಾನಯನ ಎಂದು ಭೂವಿಜ್ಞಾನಿಗಳು ಕರೆಯುವ, ನಮ್ಮ ಮುಂದಿನ ಈ ಕಡಲಿನ ಕೆಳಗೆ ಅನೇಕ ಕಡೆ ಲಾವಾ ಪದರದ ಹೊದಿಕೆ ಇದೆ. ಅದರ ಕೆಳಗಿನ ಹಳೆಯ ಕೆಸರುಗಲ್ಲನ್ನು ನೋಡುವುದೇ ಇಲ್ಲಿನ ಸರ್ವೆಗಳ ದೊಡ್ಡ ಕಷ್ಟ.

ಯಾಕೆಂದರೆ ಲಾವಾ ಒಂದೇ ಚಪ್ಪಡಿ ಅಲ್ಲ. ಹರಿವಿನ ಮೇಲೆ ಹರಿವು, ನಡುವೆ ಮಣ್ಣು, ತೂತು, ಬಿರುಕು. ಮೇಲಿನ ಸ್ವರಗಳು ಅದರೊಳಗೆ ಚದುರಿ ಸತ್ತುಹೋಗುತ್ತವೆ. ದಾಟಿ ಹೋಗಿ ಬರುವುದು ಕೆಳಗಿನ ಸ್ವರ, ಕೆಲವೇ ಹರ್ಟ್ಸ್‌ನದು. ಮದುವೆ ಮನೆಯ ಹಾಡು ಗೋಡೆಯಾಚೆ ಬರುವಾಗ ಮಾತು ಕೇಳಿಸದೆ ಡೋಲಿನ ಗುಂಗು ಮಾತ್ರ ಕೇಳಿಸುತ್ತದಲ್ಲ, ಹಾಗೆ. ಏರ್‌ಗನ್ ಬಡವಾಗಿರುವುದು ಅಲ್ಲಿಯೇ, ನಾಲ್ಕೈದು ಹರ್ಟ್ಸ್‌ಗಿಂತ ಕೆಳಗೆ. ಅಂದರೆ ಈ ಕಡಲಿನಲ್ಲಿ ಏರ್‌ಗನ್ ನಮಗೆ ಬೇಡದ ಮೇಲಿನ ಸ್ವರವನ್ನು ಧಾರಾಳವಾಗಿ ಸುರಿಯುತ್ತದೆ, ಬೇಕಾದ ಕೆಳಗಿನದನ್ನು ಜಿಪುಣತನದಿಂದ ಕೊಡುತ್ತದೆ. ಮೆಕ್ಸಿಕೋ ಕೊಲ್ಲಿಯಲ್ಲಿ ಉಪ್ಪಿನ ಗುಡ್ಡಗಳ ಕೆಳಗೆ ನೋಡಲು ಇದೇ ತೊಂದರೆ ಬಂದು, ಬಿಪಿ ಕಂಪನಿ ವುಲ್ಫ್‌ಸ್ಪಾರ್ ಎಂಬ ದೈತ್ಯ ಕಂಪನ ಯಂತ್ರ ಮಾಡಿ, ಏರ್‌ಗನ್ನಿಗೆ ಎಟುಕದ ಕೆಳಸ್ವರಗಳನ್ನು ಅದರಿಂದ ಹೊರಡಿಸಿತು. ಇಲ್ಲಿ ಸರ್ವೆ ಮಾಡುವವರು ಮೀನಿನ ಮೇಲಿನ ಕರುಣೆಯಿಂದ ಬೇಡ, ತಮ್ಮ ಚಿತ್ರ ಚೆನ್ನಾಗಿ ಬರಲಿ ಎಂಬ ಆಸೆಯಿಂದಲಾದರೂ ಬದಲಾಗಬೇಕು. ಇದನ್ನು ನಾನು ಎಲ್ಲ ವೇದಿಕೆಯಲ್ಲೂ ಹೇಳುತ್ತಿದ್ದೇನೆ.

ಇಷ್ಟು ಹೇಳಿ, ಇದರ ಇನ್ನೊಂದು ಮುಖ ಮುಚ್ಚಿಡುವುದು ಸರಿಯಲ್ಲ. ದೊಡ್ಡ ತಿಮಿಂಗಿಲಗಳು ಮಾತಾಡುವುದೂ ಕೆಳಸ್ವರದಲ್ಲೇ. ಫಿನ್ ತಿಮಿಂಗಿಲದ ಕರೆ ಸುಮಾರು 20 ಹರ್ಟ್ಸ್, ನೀಲಿ ತಿಮಿಂಗಿಲದ್ದೂ ಆ ಆಸುಪಾಸು. ವೈಬ್ರೇಟರ್ ಡಾಲ್ಫಿನ್ನಿಗೆ ನೆಮ್ಮದಿ ಕೊಟ್ಟರೂ ಇವುಗಳ ಮಾತಿನ ನಡುವೆ ಬಾಯಿ ಹಾಕುತ್ತದೆ. ಅದೂ ಏಟು, ಬಿಡುವು, ಏಟು ಎಂದಲ್ಲ, ಎಡೆಬಿಡದೆ. ಪಕ್ಕದ ಮನೆಯ ಮಿಕ್ಸಿ ನಿಲ್ಲದೆ ಓಡಿದರೆ ಮಾತು ಹೇಗೆ ಮುಳುಗುತ್ತದೋ ಹಾಗೆ. ಅರಬ್ಬಿ ಸಮುದ್ರದಲ್ಲಿ ಇದು ದೊಡ್ಡ ವಿಷಯ. ಇಲ್ಲಿನ ಹಂಪ್‌ಬ್ಯಾಕ್ ತಿಮಿಂಗಿಲಗಳು ಬೇರೆ ಕಡೆಯವುಗಳಂತೆ ಧ್ರುವದ ಕಡೆಗೆ ವಲಸೆ ಹೋಗುವುದಿಲ್ಲ, ವರ್ಷವಿಡೀ ಇಲ್ಲೇ. 1960ರ ದಶಕದಲ್ಲಿ ಸೋವಿಯತ್ ಹಡಗುಗಳು ಕದ್ದು 242ನ್ನು ಕೊಂದವು. ಆ ಪೆಟ್ಟಿನಿಂದ ಅವು ಇನ್ನೂ ಚೇತರಿಸಿಕೊಂಡಿಲ್ಲ. ಆದ್ದರಿಂದ ವೈಬ್ರೇಟರ್ ಬಂತೆಂದರೆ ಸ್ವೀಪುಗಳ ನಡುವೆ ಬಿಡುವು ಇಡುವುದು, ಬೇಡದ ಸ್ವರ ಬಿಟ್ಟು ಹಾಡುವುದು, ತಿಮಿಂಗಿಲ ಕಂಡರೆ ಕೂಡಲೇ ನಿಲ್ಲಿಸುವುದು, ಇವೂ ಜೊತೆಗೇ ಬರಬೇಕು. ವೈಬ್ರೇಟರಿನಲ್ಲಿ ಇದು ಸಾಧ್ಯ, ಏಕೆಂದರೆ ಹಾಡು ನಮ್ಮ ಕೈಯಲ್ಲಿದೆ. ಹೊಡೆದ ಗುಂಡು ಕೈಯಲ್ಲಿರುವುದಿಲ್ಲ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು.

ಒಬ್ಬ ವಿದ್ಯಾರ್ಥಿನಿ, ಸದ್ದೇ ಮಾಡದೆ ಬರೀ ಕೇಳಿಸಿಕೊಂಡು ಚಿತ್ರ ತೆಗೆಯಲಾಗದೇ ಎಂದು ಕೇಳಿದಳು. ತುಂಬ ಒಳ್ಳೆಯ ಪ್ರಶ್ನೆ. 2021ರಲ್ಲಿ ಪ್ರಕಟವಾದ ಕೆಲಸವೊಂದಿದೆ. ಅಮೆರಿಕದ ಆರೆಗಾನ್ ರಾಜ್ಯದ ವಿಶ್ವವಿದ್ಯಾಲಯವೊಂದರ ಸಂಶೋಧಕರು ಭೂಕಂಪಕ್ಕೆಂದು ಕಡಲ ತಳದಲ್ಲಿ ಇಟ್ಟ ಉಪಕರಣಗಳನ್ನು ನೋಡುತ್ತಿದ್ದಾಗ ಫಿನ್ ತಿಮಿಂಗಿಲದ ಹಾಡು ದಾಖಲಾಗಿತ್ತು. ಆ ಹಾಡು ನೀರಿನಿಂದ ನೆಲಕ್ಕಿಳಿದು, ಪದರಗಳಲ್ಲಿ ಪುಟಿದು ಮೇಲೆ ಬಂದಿತ್ತು. ಅದರಿಂದಲೇ ಕೆಸರಿನ ದಪ್ಪ ಎಷ್ಟು, ಕೆಳಗಿನ ಬಸಾಲ್ಟ್ ಎಂಬ ಲಾವಾ ಕಲ್ಲು ಎಲ್ಲಿದೆ ಎಂದು ಲೆಕ್ಕ ಹಾಕಿದರು. ಏರ್‌ಗನ್ನಿನ ಚಿತ್ರದಷ್ಟು ಸ್ಪಷ್ಟವಲ್ಲ, ತಿಮಿಂಗಿಲ ನಮಗೆ ಬೇಕಾದ ಗೆರೆಯ ಮೇಲೆ ಈಜುವುದೂ ಇಲ್ಲ. ಆದರೂ ಆ ಪ್ರಬಂಧ ಓದಿದ ದಿನ ನನಗೆ ರೋಮಾಂಚನವಾಯಿತು. ನಾವು 20 ಹರ್ಟ್ಸ್‌ಗೆ ಅಷ್ಟು ಒದ್ದಾಡುತ್ತಿದ್ದರೆ ಅದು ಗಂಟಲಿನಿಂದಲೇ ಹಾಡುತ್ತಿತ್ತು.

ಕೊನೆಗೆ ಹಿಂದಿನ ಸಾಲಿನಿಂದ ದೋಣಿ ನಡೆಸುವ ಒಬ್ಬ ತಾಂಡೇಲರು ಎದ್ದರು. ಸರ್ವೆ ಹಡಗು ಹೋದ ಮೇಲೆ ಮೀನು ವಾಪಸು ಬರುವುದು ಯಾವಾಗ, ನಮ್ಮ ಬಂಗುಡೆಗೂ ಅದೇ ಲೆಕ್ಕವೇ ಎಂದರು. ನಾರ್ವೆಯಲ್ಲಿ ಹೊಡೆಯುವುದು ನಿಲ್ಲಿಸಿದ ಐದು ದಿನಗಳವರೆಗೆ ಅಳೆದರು, ಅಷ್ಟರಲ್ಲಿ ಹಿಡಿತ ಹಿಂದಿನ ಮಟ್ಟಕ್ಕೆ ಬಂದಿರಲಿಲ್ಲ ಎಂದೆ. ಅದು ತಣ್ಣೀರಿನ ಕಾಡ್ ಮೀನಿನ ಲೆಕ್ಕ, ಅದನ್ನೇ ತಂದು ಬಂಗುಡೆಗೆ ಹಚ್ಚುವುದು ತಪ್ಪು, ಇಲ್ಲಿಯೇ ಅಳೆಯಬೇಕು ಎಂದೂ ಹೇಳಿದೆ. ನಮ್ಮಲ್ಲಿ ಜೂನ್, ಜುಲೈ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ಆ ಹೊತ್ತು ಕಡಲು ಕೆರಳಿರುತ್ತದೆ, ಸರ್ವೆ ಹಡಗೂ ಬರುವುದಿಲ್ಲ. ಅದಕ್ಕೆ ಬೇಕಾದ ಶಾಂತ ಕಡಲೂ ನಿಮಗೆ ಬೇಕಾದ ಶಾಂತ ಕಡಲೂ ಒಂದೇ ತಿಂಗಳುಗಳಲ್ಲಿ. ದಕ್ಷಿಣ ಆಫ್ರಿಕದ ವೈಲ್ಡ್ ಕೋಸ್ಟ್‌ನ ಜನ ತಮ್ಮನ್ನು ಕೇಳದೆ ಪರವಾನಗಿ ಕೊಟ್ಟರೆಂದು ನ್ಯಾಯಾಲಯಕ್ಕೆ ಹೋದಾಗ, 2022ರಲ್ಲಿ ಮಖಂಡಾದ ಹೈಕೋರ್ಟ್ ಶೆಲ್‌ಗೆ ಕೊಟ್ಟಿದ್ದ ಪರಿಶೋಧನೆಯ ಹಕ್ಕನ್ನೇ ರದ್ದು ಮಾಡಿದ್ದನ್ನೂ ಅವರಿಗೆ ಹೇಳಿದೆ.

ಹಾಗಾದರೆ ಮುಂದಿನ ಸಲ ನೋಟಿಸು ಬಂದಾಗ ನಾವು ಏನು ಕೇಳಬೇಕು, ಸರಿಯಾಗಿ ಬರೆದುಕೊಡಿ ಎಂದು ಅವರು ಜೇಬಿನಿಂದ ಡೀಸೆಲ್ ಬಿಲ್ಲು ತೆಗೆದು ಕೊಟ್ಟರು. ಅದರ ಬೆನ್ನಿಗೆ ಬರೆದೆ: ಯಾವ ಗನ್, ಹಳೆಯದೋ ಮೇಲಿನ ಸ್ವರ ತಗ್ಗಿಸಿದ್ದೋ? ಎಷ್ಟು ಹರ್ಟ್ಸ್‌ನಿಂದ ಎಷ್ಟಕ್ಕೆ? ಒಂದು ಕಿಲೋಮೀಟರ್ ದೂರದಲ್ಲಿ ತುದಿಯ ಒತ್ತಡ ಎಷ್ಟು? ಎಷ್ಟು ದಿನ, ಯಾವ ಗೆರೆಯ ಮೇಲೆ? ಹಿಡಿತವನ್ನು ಮೊದಲು, ನಡುವೆ, ಆಮೇಲೆ ಅಳೆಯುವವರು ಯಾರು? ಅವರು ಓದಿ ನೋಡಿ, ಮೂರನೆಯದನ್ನು ತುಳುವಿನಲ್ಲಿ ಪಕ್ಕದವರಿಗೆ ವಿವರಿಸಿ, ಬಿಲ್ಲನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಮತ್ತೆ ಜೇಬಿಗಿಟ್ಟುಕೊಂಡರು.